ಕಪ್‌ಗಿಂತ ಮೊಣಕಾಲು ದೊಡ್ಡದು

ಬೆಳಗಿನ ಐದೂವರೆ. ಕಾಲೇಜಿನ ಹಿಂಬದಿಯ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಇನ್ನೂ ಮಬ್ಬುಗತ್ತಲೆ. ಆರಡಿಗೆ ಎರಡೇ ಬೆರಳು ಕಡಿಮೆ ಎನ್ನುವಷ್ಟು ಎತ್ತರದ ಹೆಂಗಸೊಬ್ಬರು ಉದ್ದ ಹಿಡಿಯ ಪೊರಕೆಯಿಂದ ರಿಂಗಿನ ಕೆಳಗೆ ನಿಂತ ನೀರನ್ನು ಗೆರೆಯಾಚೆ ತಳ್ಳುತ್ತಿದ್ದಾರೆ. ಎಡಗಾಲು ಊರಿದಾಗ ನೆಟ್ಟಗಿರುವ ಮೈ ಬಲಗಾಲಿನ ಸರದಿ ಬಂದಾಗ ತುಸು ವಾಲುತ್ತದೆ. ಸಿಮೆಂಟು ಕಿತ್ತುಹೋದ ಕಡೆಯಲ್ಲೆಲ್ಲ ಅವರು ಸೀಮೆಸುಣ್ಣದಿಂದ ದುಂಡಗೆ ಗುರುತು ಹಾಕುತ್ತಾರೆ. ಅಲ್ಲಿ ಯಾರೂ ಜಿಗಿಯಕೂಡದು.

ಐದೂ ಮುಕ್ಕಾಲಿಗೆ ಹುಡುಗಿಯರು ಬರುತ್ತಾರೆ. ಒಟ್ಟು ಇಪ್ಪತ್ತಾರು ಮಂದಿ, ಒಂಬತ್ತು ಚೆಂಡು. ಚೆಂಡು ಮುಟ್ಟುವ ಮೊದಲು ಪ್ರತಿಯೊಬ್ಬಳೂ ಅವರ ಮುಂದೆ ಹತ್ತು ಹೆಜ್ಜೆ ನಡೆಯಬೇಕು. ಅವರು ಮುಖ ನೋಡುವುದಿಲ್ಲ, ಪಾದ ನೋಡುತ್ತಾರೆ. ಇವತ್ತು ಮೊದಲ ವರ್ಷದ ಹುಡುಗಿಯೊಬ್ಬಳು ನಾಲ್ಕನೇ ಹೆಜ್ಜೆಗೇ ಸಿಕ್ಕಿಬೀಳುತ್ತಾಳೆ.

"ಏನಿಲ್ಲ ಅಕ್ಕ, ಸ್ವಲ್ಪ ಹಿಡ್ಕೊಂಡಿದೆ ಅಷ್ಟೆ."

"ಸ್ವಲ್ಪ ಅನ್ನೋದಕ್ಕಿಂತ ದೊಡ್ಡ ಸುಳ್ಳು ಈ ಆಟದಲ್ಲಿಲ್ಲ. ಹೋಗಿ ಕೂತ್ಕೋ. ಮೂತಿ ಉದ್ದ ಮಾಡಿದ್ರೆ ನಾಳೆನೂ ಕೂರಿಸ್ತೀನಿ."

ಹುಡುಗಿ ಹೋಗಿ ಕಟ್ಟೆಯ ಮೇಲೆ ಕೂರುತ್ತಾಳೆ. ಉಳಿದವರು ಓಡತೊಡಗುತ್ತಾರೆ.

ಇವರನ್ನು ಎಲ್ಲರೂ ಕರೆಯುವುದು ಏಣಿ ಅಕ್ಕ ಎಂದು. ವಿದ್ಯಾರ್ಥಿನಿಯಾಗಿದ್ದಾಗ ಗೆಳತಿಯರು ಇಟ್ಟ ಅಡ್ಡಹೆಸರು 'ಏಣಿ'. ಈಗ ಅದಕ್ಕೊಂದು 'ಅಕ್ಕ' ಸೇರಿಕೊಂಡಿದೆ. ವಯಸ್ಸು ನಲವತ್ತೊಂದು. ಕಾಲೇಜಿನ ಕಡತದಲ್ಲಿ ಇವರು ಕೋಚ್ ಅಲ್ಲ. ರಸಾಯನಶಾಸ್ತ್ರ ಪ್ರಯೋಗಾಲಯದ ಅಟೆಂಡರ್. ಏಳೂವರೆಗೆ ಅಂಕಣ ಬಿಟ್ಟು, ಒಂಬತ್ತಕ್ಕೆ ಎರಡನೇ ಮಹಡಿಗೆ ಐವತ್ತೆರಡು ಮೆಟ್ಟಿಲು ಹತ್ತಿ, ಸಂಜೆಯವರೆಗೆ ಗಾಜಿನ ನಳಿಗೆ ತೊಳೆಯುವುದು ಅವರ ನೌಕರಿ. ಪ್ರಯೋಗಾಲಯ ನೆಲಮಹಡಿಯಲ್ಲೂ ಒಂದಿದೆ. ಮೊಣಕಾಲು ಹಾಳಾದ ಹೆಂಗಸನ್ನು ಎರಡನೇ ಮಹಡಿಗೇ ಹಾಕಿದ್ದು ಆಕಸ್ಮಿಕವಲ್ಲ. ಯಾಕೆ ಅಲ್ಲ ಎಂಬುದೇ ಈ ಕಥೆ.

ಹದಿನೆಂಟನೇ ವಯಸ್ಸಿಗೆ ಅವರು ಇದೇ ಕಾಲೇಜಿಗೆ ಬಂದದ್ದು ಆಟದ ಬಲದ ಮೇಲೆ. ಗಾರೆ ಕೆಲಸದ ಅಪ್ಪ, ಬಟ್ಟೆ ಅಂಗಡಿಯಲ್ಲಿ ನಿಂತು ದುಡಿಯುವ ಅಮ್ಮ. ಹಾಸ್ಟೆಲಿನ ಸೀಟು, ಎರಡು ಹೊತ್ತಿನ ಊಟ, ಓದು ಎಲ್ಲವೂ ರಿಂಗಿನೊಳಗೆ ಬೀಳುವ ಚೆಂಡಿಗೆ ಕಟ್ಟಿದ್ದವು. ಎರಡನೇ ವರ್ಷ ಅಂತರ ಕಾಲೇಜು ಪಂದ್ಯಾವಳಿಯ ಸೆಮಿಫೈನಲ್‌ನಲ್ಲಿ ಒಬ್ಬರೇ ಮೂವತ್ತೊಂದು ಪಾಯಿಂಟ್ ಹೊಡೆದರು. ಕೊನೆಯ ನಿಮಿಷದಲ್ಲಿ ರಿಂಗಿಗೆ ಬಡಿದು ಚಿಮ್ಮಿದ ರೀಬೌಂಡ್ ಚೆಂಡಿಗೆ ಜಿಗಿದು ಕೆಳಗಿಳಿದಾಗ ಬಲಮೊಣಕಾಲಿನೊಳಗೆ ಏನೋ ಪಟ್ಟೆಂದಿತು.

"ಒಣಕಟ್ಟಿಗೆ ಮುರಿದ ಹಾಗೆ. ಪಕ್ಕದಲ್ಲಿದ್ದವಳಿಗೂ ಕೇಳಿಸ್ತು" ಎನ್ನುತ್ತಾರೆ.

ಮರುದಿನ ಫೈನಲ್. ಮೊಣಕಾಲು ಕುಂಬಳಕಾಯಿಯಾಗಿತ್ತು. ಆಗಿನ ತರಬೇತುದಾರರು ಹುಡುಗಿಯರನ್ನೆಲ್ಲ 'ಮಗಳೇ' ಎಂದೇ ಕರೆಯುತ್ತಿದ್ದವರು. ಅವರು ಇವರನ್ನು ಸ್ಟೋರ್ ರೂಮಿಗೆ ಕರೆದೊಯ್ದರು. ಸುತ್ತಿಟ್ಟ ಚಾಪೆಗಳ ಮೇಲೆ ಕೂರಿಸಿದರು. ಪರಿಚಯದ ಕಾಂಪೌಂಡರ್ ಒಬ್ಬ ಅಲ್ಲಿ ಸಿರಿಂಜ್ ಹಿಡಿದು ಕಾದಿದ್ದ. "ಒಂದೇ ಒಂದು ಸೂಜಿ ಮಗಳೇ. ನಲವತ್ತು ನಿಮಿಷದ ಮಾತು" ಎಂದರು ಗುರುಗಳು. ಹತ್ತೊಂಬತ್ತರ ಹುಡುಗಿ ತಲೆಯಾಡಿಸಿದಳು.

ಸೂಜಿ ನೋವನ್ನು ಮರೆಸಿತು, ಏಟನ್ನು ಮರೆಸಲಿಲ್ಲ. ನಲವತ್ತು ನಿಮಿಷ ಅವರು ಹರಿದ ಲಿಗಮೆಂಟಿನ ಮೇಲೆಯೇ ಓಡಿದರು, ಜಿಗಿದರು. ಕಾಲೇಜು ಗೆದ್ದಿತು. ಕಪ್ ಪ್ರಿನ್ಸಿಪಾಲರ ಕೋಣೆಯ ಗಾಜಿನ ಬೀರುವಿಗೆ ಹೋಯಿತು. ಇವರು ಆಸ್ಪತ್ರೆಗೆ ಹೋದರು. ವೈದ್ಯರು ಹೇಳಿದ್ದು ಒಂದೇ ಮಾತು: ಹಿಂದಿನ ದಿನವೇ ಬಂದಿದ್ದರೆ ಉಳಿಸಬಹುದಿತ್ತು. ಮುಂದಿನ ವರ್ಷ ಹಾಸ್ಟೆಲಿನ ಸೀಟು ಇನ್ನೊಬ್ಬ ಆಟಗಾರ್ತಿಗೆ ಸಿಕ್ಕಿತು. ಗುರುಗಳಿಗೆ ಬಡ್ತಿ ಸಿಕ್ಕಿತು. ಆವತ್ತಿನಿಂದ ಇವತ್ತಿನವರೆಗೂ ಅವರೇ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ಹತ್ತಿದ ಏಣಿಯನ್ನು ಒದೆಯುವುದು ಎಂಬ ಮಾತು ಎಲ್ಲರಿಗೂ ಗೊತ್ತು. ಹೀಗೆ ಅಕ್ಷರಶಃ ನಡೆಯುವುದು ಅಪರೂಪ.

"ಅಮ್ಮ ಒಂದು ವರ್ಷ ಎಣ್ಣೆ ತಿಕ್ಕಿದ್ಳು" ಎನ್ನುತ್ತಾರೆ ಏಣಿ ಅಕ್ಕ. "ತಿಕ್ತಾ ತಿಕ್ತಾ ಒಂದಿನ ಅಂದ್ಳು, ಕಪ್ ಅವರು ಇಟ್ಕೊಂಡ್ರು, ಕಾಲು ನಿನಗೆ ಬಿಟ್ರು ಅಂತ. ಆಮೇಲೆ ಅಮ್ಮ ಅದರ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅದೇ ತಪ್ಪಾಯ್ತು."

ಅಷ್ಟಾದರೂ ಆಟ ಬಿಡಲಿಲ್ಲ. ತರಬೇತಿಯ ಪರೀಕ್ಷೆ ಪಾಸು ಮಾಡಿ ಇಪ್ಪತ್ತಾರನೇ ವಯಸ್ಸಿಗೆ ಇದೇ ಕಾಲೇಜಿನಲ್ಲಿ ಸಹಾಯಕ ಕೋಚ್ ಆದರು. ಒದ್ದವರ ಮನೆಬಾಗಿಲಿಗೇ ಯಾಕೆ ಹೋದಿರಿ ಎಂದು ಕೇಳಿದರೆ ಕಣ್ಣು ಕೆಂಪಗಾಗುತ್ತದೆ. "ಅಂಕಣ ಅವರಪ್ಪಂದಾ? ನಾನು ಬರದೆ ಇದ್ರೆ ಆ ಸ್ಟೋರ್ ರೂಮಿನ ಬಾಗಿಲಲ್ಲಿ ಯಾರು ನಿಲ್ತಿದ್ರು?"

ಹನ್ನೆರಡು ವರ್ಷದಲ್ಲಿ ನಾಲ್ಕು ಕಪ್ ಗೆಲ್ಲಿಸಿದರು. ನಾಲ್ಕೂ ಫೋಟೋಗಳ ನಡುಮಧ್ಯೆ ನಿರ್ದೇಶಕರಿದ್ದಾರೆ. ಒಂದರ ತುದಿಯಲ್ಲಿ ಏಣಿ ಅಕ್ಕನ ಅರ್ಧ ಭುಜವಿದೆ. ಅವರ ಗಂಡ ಟೈಲರ್. ತಂಡದ ಅಂಗಿಗಳಿಗೆ ನಂಬರ್ ಹೊಲಿದುಕೊಡುವವರು ಅವರೇ. "ಇವಳನ್ನ ಮದುವೆ ಆದ್ಮೇಲೆ ಕತ್ತೆತ್ತಿ ಮಾತಾಡೋದು ಕಲಿತೆ. ಆ ಫೋಟೋ ತೆಗೆದೋರಿಗೆ ಮಾತ್ರ ಇಷ್ಟುದ್ದದ ಹೆಂಗಸು ಕಣ್ಣಿಗೇ ಬೀಳಲಿಲ್ಲ ನೋಡಿ" ಎಂದು ನಗುತ್ತಾರೆ. ಏಣಿ ಅಕ್ಕ ನಗುವುದಿಲ್ಲ.

ಮೂರು ವರ್ಷದ ಹಿಂದೆ ಮತ್ತೊಂದು ಫೈನಲ್ ಬಂತು. ತಂಡದ ಜೀವಾಳ ಏಳನೇ ನಂಬರಿನ ಹುಡುಗಿ. ಹಿಂದಿನ ದಿನ ಅವಳ ಮೊಣಕಾಲು ತಿರುಚಿ ಊದಿಕೊಂಡಿತ್ತು. ಪಂದ್ಯಕ್ಕೆ ಅರ್ಧ ಗಂಟೆಯಿದೆ ಎನ್ನುವಾಗ ಹುಡುಗಿ ಕಾಣಲಿಲ್ಲ. ಏಣಿ ಅಕ್ಕ ನೇರ ಸ್ಟೋರ್ ರೂಮಿಗೆ ನಡೆದರು. ಹುಡುಗಿ ಚಾಪೆಗಳ ಮೇಲೆ ಕೂತಿದ್ದಳು. ನಿರ್ದೇಶಕರಿದ್ದರು. ಸಿರಿಂಜ್ ಹಿಡಿದವನು ಮಾತ್ರ ಬೇರೆ.

"ಒಂದೇ ಸೂಜಿ. ನೀನು ಹೊರಗಿರು" ಎಂದರು ನಿರ್ದೇಶಕರು.

"ನನಗೂ ಇದನ್ನೇ ಹೇಳಿದ್ರಿ ಸರ್."

"ನೀನು ಗೆಲ್ಲಲಿಲ್ವಾ?"

ಇಪ್ಪತ್ತು ವರ್ಷದ ಸಿಟ್ಟು ಆ ಒಂದು ಮಾತಿಗೆ ಹೊತ್ತಿಕೊಂಡಿತು. ಏಣಿ ಅಕ್ಕ ಸಿರಿಂಜನ್ನು ಕಿತ್ತು ಮೋರಿಗೆ ಎಸೆದು ಬಂದರು. ಆದರೆ ಅವರನ್ನು ಚುಚ್ಚಿದ್ದು ನಿರ್ದೇಶಕರ ಮಾತಿಗಿಂತ ಹುಡುಗಿಯ ಅಳು. "ನಾನೇ ಆಡ್ತೀನಿ ಅಂದೆ ಅಕ್ಕ! ಇವತ್ತು ನೋಡೋಕೆ ದೊಡ್ಡ ತಂಡದವರು ಬಂದಿದ್ದಾರೆ. ನನ್ನ ಬಾಳು ಹಾಳು ಮಾಡ್ಬೇಡಿ!"

"ಜೀವನ ಪೂರ್ತಿ ನನ್ನ ಬೈಕೋ. ಪರವಾಗಿಲ್ಲ. ಇವತ್ತು ಆಡಲ್ಲ ನೀನು."

ಕಾಲೇಜು ಒಂದು ಪಾಯಿಂಟಿನಿಂದ ಸೋತಿತು.

ವಾರದೊಳಗೆ ಪತ್ರ ಬಂತು. ಮೇಲಧಿಕಾರಿಯ ಆದೇಶ ಉಲ್ಲಂಘನೆ, ವೈದ್ಯಕೀಯ ಸಾಮಗ್ರಿ ನಾಶ. ಕೋಚ್ ಹುದ್ದೆಯಿಂದ ತೆಗೆದು ಎರಡನೇ ಮಹಡಿಯ ಪ್ರಯೋಗಾಲಯಕ್ಕೆ ವರ್ಗ. ಅವರೂ ದೂರು ಬರೆದರು, ಏಳು ಪುಟ. ಕೇಳಿದ್ದು ಎರಡೇ: ವೈದ್ಯರ ಸಹಿಯಿಲ್ಲದೆ ಯಾರಿಗೂ ಸೂಜಿ ಚುಚ್ಚಬಾರದು, ಸ್ಟೋರ್ ರೂಮಿಗೆ ಕಿಟಕಿ ಇಡಿಸಬೇಕು. ವಿಚಾರಣೆಗೆ ಸಮಿತಿ ಆಯಿತು. ಸಮಿತಿಯ ಅಧ್ಯಕ್ಷರು ಯಾರು? ನಿರ್ದೇಶಕರೇ. ಬೇಲಿಯೇ ಹೊಲ ಮೇಯುವುದು ಹಳೆಯ ಗಾದೆ. ಇಲ್ಲಿ ಮೇದ ಮೇಲೆ ತನಿಖೆಯನ್ನೂ ಬೇಲಿಯೇ ಮಾಡಿತು. ತನಿಖೆಯ ಫಲ ಎರಡು ಸಾಲು: ಆರೋಪದಲ್ಲಿ ಹುರುಳಿಲ್ಲ. ಕಿಟಕಿ ಇಡಲು ಕಟ್ಟಡದ ನಕ್ಷೆಯಲ್ಲಿ ಅವಕಾಶವಿಲ್ಲ.

ನಿರ್ದೇಶಕರನ್ನು ಅವರ ಕೋಣೆಯಲ್ಲಿ ಕಂಡು ಕೇಳಿದರೆ ಅವರು ಕುರ್ಚಿಗೆ ಒರಗಿ ನಗುತ್ತಾರೆ. "ಆಟ ಅಂದ್ಮೇಲೆ ನೋವು ಇದ್ದೇ ಇರತ್ತೆ. ಆಕೆ ಒಳ್ಳೆ ಆಟಗಾರ್ತಿ, ನಾನೇ ಬೆಳೆಸಿದ ಹುಡುಗಿ. ಸ್ವಲ್ಪ ಸಿಟ್ಟು ಜಾಸ್ತಿ." ಈಗಿನ ಕೋಚ್ ಅವರ ತಂಗಿಯ ಮಗ. ವಾರಕ್ಕೆರಡು ಸಲ ಬಂದು ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ ಹೋಗುತ್ತಾರೆ. ಅವರು ಕೊನೆಯ ಸಲ ಚೆಂಡು ಮುಟ್ಟಿದ್ದು ಯಾವಾಗ ಎಂದು ಹುಡುಗಿಯರನ್ನು ಕೇಳಿದರೆ, "ಆಯುಧಪೂಜೆ ದಿನ ಹಿಡ್ಕೊಂಡಿದ್ರು, ಫೋಟೋಗೆ" ಎಂದು ಕಿಸಕ್ಕನೆ ನಗುತ್ತಾರೆ.

ಕಾಲೇಜಿನ ಹೊತ್ತಿನಲ್ಲಿ ಏಣಿ ಅಕ್ಕ ಅಂಕಣಕ್ಕೆ ಕಾಲಿಡುವಂತಿಲ್ಲ ಎಂದು ಆದೇಶವಿದೆ. ಆದ್ದರಿಂದಲೇ ಈ ನಸುಕಿನ ಎರಡು ಗಂಟೆ. ಗೇಟು ಕಾಯುವ ತಾತನಿಗೆ ನೋಟಿಸು ಬಂದಿತ್ತು. ತಾತನ ಉತ್ತರ ಹೀಗಿತ್ತು: "ವಾಕಿಂಗ್ ಬರೋರಿಗೆ ಗೇಟು ತೆಗೀರಿ ಅಂತ ನೀವೇ ಹೇಳಿದ್ದೀರಿ. ಈ ಮಕ್ಕಳೂ ವಾಕಿಂಗೇ ಬರೋದು. ಕೈಯಲ್ಲಿ ಚೆಂಡಿದ್ರೆ ನಾನೇನು ಮಾಡ್ಲಿ?"

ಏಳನೇ ನಂಬರಿನ ಹುಡುಗಿ ಎಂಟು ತಿಂಗಳು ಏಣಿ ಅಕ್ಕನ ಜೊತೆ ಮಾತು ಬಿಟ್ಟಿದ್ದಳು. ಎದುರು ಸಿಕ್ಕರೆ ರಸ್ತೆ ದಾಟುತ್ತಿದ್ದಳು. ಆ ಎಂಟು ತಿಂಗಳನ್ನು ನೆನೆದರೆ ಏಣಿ ಅಕ್ಕನ ಗಟ್ಟಿದನಿ ಇಳಿಯುತ್ತದೆ. "ನಾನು ಮಾಡಿದ್ದು ಸರಿ ಅಂತ ಗೊತ್ತಿತ್ತು. ಆದ್ರೂ ರಾತ್ರಿ ನಿದ್ದೆ ಬರ್ತಿರಲಿಲ್ಲ. ಸರಿ ಮಾಡಿದೋರಿಗೆ ನಿದ್ದೆ ಬರತ್ತೆ ಅಂತ ಯಾರು ಹೇಳಿದ್ರೋ." ಶಸ್ತ್ರಚಿಕಿತ್ಸೆ ಮುಗಿದು ಕಾಲು ನೆಟ್ಟಗಾದ ಮೇಲೆ ಹುಡುಗಿ ಒಂದು ಬೆಳಗ್ಗೆ ಅಂಕಣಕ್ಕೆ ತಾನಾಗಿ ಬಂದಳು. ಈಗ ಅವಳು ಬ್ಯಾಂಕೊಂದರ ತಂಡದಲ್ಲಿ ಆಡುತ್ತಾಳೆ. "ಇನ್ನೊಂದು ಸಲ ಜಿಗಿದಿದ್ರೆ ಪೂರ್ತಿ ಹೋಗ್ತಿತ್ತು ಅಂದ್ರು ಡಾಕ್ಟ್ರು" ಎನ್ನುತ್ತಾಳೆ. "ಅಕ್ಕನ ಹತ್ರ ಕ್ಷಮೆ ಕೇಳೋಕೆ ಹೋದೆ. ಅವರು ಕೇಳಿಸ್ಕೊಳ್ಳಲೇ ಇಲ್ಲ, ಮೊದಲು ನಡೆದು ತೋರಿಸು ಅಂದ್ರು."

ಇಂಥವರ ಬಗ್ಗೆ ಬರೆಯುವಾಗ ಪತ್ರಿಕೆಗಳಿಗೆ ಒಂದು ಮಾತು ತುದಿನಾಲಿಗೆಯಲ್ಲೇ ಇರುತ್ತದೆ. ಏಣಿ ಅಕ್ಕ ಅದನ್ನು ಮೊದಲೇ ಊಹಿಸಿ ತಡೆಯುತ್ತಾರೆ. "ಎಲೆಮರೆಯ ಕಾಯಿ ಅಂತ ಮಾತ್ರ ಬರೀಬೇಡಿ. ನಾನಾಗಿ ಎಲೆ ಹಿಂದೆ ಹೋಗಿ ಕೂತಿಲ್ಲ. ನನ್ನ ಮುಂದೆ ಬಂದು ನಿಂತ್ಕೊಂಡ್ರು." ಕ್ಷಮಿಸಿಬಿಡು ಎನ್ನುವವರ ಮೇಲೂ ಅವರಿಗೆ ಸಿಟ್ಟು. "ಬುದ್ಧಿ ಹೇಳೋರಿಗೆ ಯಾರಿಗೂ ಮೆಟ್ಟಿಲು ಹತ್ತುವಾಗ ಮೊಣಕಾಲು ಕಟಕಟ ಅನ್ನಲ್ಲ. ನನಗೆ ದಿನಾ ಐವತ್ತೆರಡು ಸಲ ನೆನಪಾಗತ್ತೆ. ಹೇಗೆ ಕ್ಷಮಿಸ್ಲಿ?"

ಕಳೆದ ತಿಂಗಳು ಈ ವರ್ಷದ ಸೆಮಿಫೈನಲ್ ನಡೆಯಿತು. ಏಣಿ ಅಕ್ಕ ಅಲ್ಲಿರಲಿಲ್ಲ; ರಜೆ ಮಂಜೂರಾಗಿರಲಿಲ್ಲ. ತಂಡದ ಎತ್ತರದ ಹುಡುಗಿಯ ಪಾದದ ಗಂಟು ಉಳುಕಿತ್ತು. ಗಟ್ಟಿಯಾಗಿ ಪಟ್ಟಿ ಕಟ್ಟಿ ಇಳಿಸಿ ಎಂದರು ನಿರ್ದೇಶಕರು. ತಂಡದ ನಾಯಕಿ, ಐದಡಿಯ ಪುಟ್ಟ ಹುಡುಗಿ, ಎದುರು ಬಂದು ನಿಂತಳು. "ಅವಳು ಇಳಿಯಲ್ಲ ಸರ್. ಇಳಿಸಿದ್ರೆ ನಾವ್ಯಾರೂ ಇಳಿಯಲ್ಲ." ಹೀಗೆಂದು ನೆಲದ ಮೇಲೆ ಕೂತಳು. ಉಳಿದ ಹನ್ನೊಂದು ಮಂದಿಯೂ ಕೂತರು. ನಿರ್ದೇಶಕರು ಗದರಿದರು, ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಹೆದರಿಸಿದರು. ಒಬ್ಬಳೂ ಏಳಲಿಲ್ಲ. ರೆಫರಿ ಗಡಿಯಾರ ನೋಡಿದರು. ಪ್ರೇಕ್ಷಕರೆಲ್ಲ ನೋಡುತ್ತಿದ್ದರು. ಕೊನೆಗೆ ನಿರ್ದೇಶಕರು ಮುಖ ತಿರುಗಿಸಿಕೊಂಡು ಹೋಗಿ ಕುರ್ಚಿಯಲ್ಲಿ ಕೂತರು. ಎತ್ತರದ ಹುಡುಗಿಯಿಲ್ಲದೆ ತಂಡ ಆಡಿತು, ಹದಿನಾಲ್ಕು ಪಾಯಿಂಟಿನಿಂದ ಸೋತಿತು.

ಸುದ್ದಿ ಪ್ರಯೋಗಾಲಯಕ್ಕೆ ಫೋನಿನಲ್ಲಿ ಬಂತು. ಏಣಿ ಅಕ್ಕ ತೊಳೆಯುತ್ತಿದ್ದ ನಳಿಗೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಎರಡು ಸಲ ಹೇಳಿಸಿಕೊಂಡರು. ಸಂಜೆ ಬಸ್ಸು ಬರುವ ಹೊತ್ತಿಗೆ ಗೇಟಿನ ಬಳಿ ಹೋಗಿ ನಿಂತರು.

"ಸೋತಿದ್ದಕ್ಕೆ ಬೇಜಾರಾಗಲಿಲ್ವಾ?" ಎಂಬುದು ನಮ್ಮ ಪ್ರಶ್ನೆ.

"ಆಯ್ತು. ನಾನು ಕೋಚು ಕಣ್ರೀ, ಸನ್ಯಾಸಿ ಅಲ್ಲ. ಮಾರನೇ ದಿನ ಫ್ರೀ ಥ್ರೋ ಬಿಟ್ಟವರಿಗೆಲ್ಲ ಚೆನ್ನಾಗಿ ಬೈದೆ" ಎನ್ನುತ್ತಾರೆ. ಆಮೇಲೆ ಹೇಳುತ್ತಾರೆ: "ಆದ್ರೆ ಹನ್ನೆರಡೂ ಜನ ಬಸ್ಸಿಂದ ತಮ್ಮ ಕಾಲ ಮೇಲೆ ತಾವೇ ನಡ್ಕೊಂಡು ಇಳಿದ್ರು. ಅವತ್ತು ಆ ಸರ್‌ಗೆ ಬೇಡ ಅನ್ನೋಕೆ ನಾನೇ ಅಲ್ಲಿರಬೇಕು ಅಂತಿರಲಿಲ್ಲ."