ನಿಂತ ಚಕ್ರದ ಬೆಳಕು

ಗುಬ್ಬಿಯ ಶಾಲೆಯೊಂದರಲ್ಲಿ ನಾನು ವಿಜ್ಞಾನದ ಟೀಚರ್. ಶಕ್ತಿಯ ರೂಪಗಳನ್ನು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸುವುದೆಂದರೆ ನನಗೆ ಮೈಯುರಿ. ಅಂಗೈ ಉಜ್ಜಿಸಿ ಶಾಖ ತೋರಿಸುತ್ತೇನೆ, ತಟ್ಟೆ ಬಡಿದು ಅಕ್ಕಿಕಾಳು ಕುಣಿಸಿ ಶಬ್ದ ತೋರಿಸುತ್ತೇನೆ. ಆ ವರ್ಷ ಕ್ಯಾತ್ಸಂದ್ರದ ಗುಜರಿಯಲ್ಲಿ ಹಳೇ ಸೈಕಲ್ ಚಕ್ರ, ಡೈನಮೋ ಸಿಕ್ಕವು. ಚಕ್ರ ತಿರುಗಿಸಿದರೆ ಬಲ್ಬು ಉರಿಯಬೇಕು. ಅದು ಮನಸ್ಸು ಬಂದಾಗ ಉರಿಯುತ್ತಿತ್ತು.

ಅಧಿಕಾರಿಗಳು ತಪಾಸಣೆಗೆ ಬರುತ್ತಾರೆಂದರೆ ನಮ್ಮಲ್ಲಿ ಪಾಠಕ್ಕೂ ರಿಹರ್ಸಲ್ ಇರುತ್ತದೆ. ಯಾವ ಪ್ರಶ್ನೆಗೆ ಯಾರು ಕೈಯೆತ್ತಬೇಕೆಂಬುದೂ ಮೊದಲೇ ಗೊತ್ತು. ನಾನು ಇನ್ನೊಂದು ಹೆಜ್ಜೆ ಮುಂದೆ ಹೋದೆ. ಚಕ್ರದ ಮಾಡೆಲ್ಲಿಗೆ ಆಸರೆಯಾಗಿ ನಿಲ್ಲಿಸಿದ್ದ ರಟ್ಟಿನ ಹಿಂದೆ ಎರಡು ಸೆಲ್ಲು, ಒಂದು ಸ್ವಿಚ್ಚು ಅಡಗಿಸಿ ಬಲ್ಬಿನ ವೈರನ್ನು ಅದಕ್ಕೆ ಕೊಟ್ಟೆ.

ಅಂದು ಚಕ್ರ ತಿರುಗಿಸಲು ಕರೆದದ್ದು ಮುಂದಿನ ಬೆಂಚಿನ ಹುಡುಗಿಯನ್ನು. ಅವಳ ತಂದೆಗೆ ಬಸ್ ಸ್ಟ್ಯಾಂಡ್ ಹತ್ತಿರ ಸುಟ್ಟ ಮೋಟಾರು ರಿಪೇರಿ ಮಾಡುವ ಅಂಗಡಿ. ಬಲ್ಬು ಜೋರಾಗಿ ಉರಿಯಿತು, ಅಧಿಕಾರಿ ತಲೆಯಾಡಿಸಿದರು. ಚಕ್ರ ನಿಧಾನವಾಗಿ ನಿಂತಿತು. ಬಲ್ಬು ಉರಿಯುತ್ತಲೇ ಇತ್ತು. ಸ್ವಿಚ್ಚು ಆರಿಸುವುದನ್ನು ನಾನು ಮರೆತಿದ್ದೆ.

"ಮಿಸ್, ಚಕ್ರ ನಿಂತೋಯ್ತು. ಈಗ ಶಕ್ತಿ ಎಲ್ಲಿಂದ ಬರ್ತಿದೆ?"

"ಸ್ವಲ್ಪ ಹೊತ್ತು ಉಳ್ದಿರುತ್ತೆ" ಎಂದು ಅಡ್ಡಗೋಡೆ ಮೇಲೆ ದೀಪ ಇಟ್ಟೆ. "ಕೂತ್ಕೋ."

ಕೂತಳು. ಅಧಿಕಾರಿ ಪುಸ್ತಕದಲ್ಲಿ 'ಉತ್ತಮ' ಎಂದು ಬರೆದು ಹೋದರು.

ಮರುದಿನದಿಂದ ಅವಳು ಕೈಯೆತ್ತುವುದನ್ನು ಬಿಟ್ಟಳು. ಬೆಲ್ಲು ಹೊಡೆದರೂ ಪ್ರಶ್ನೆ ಮುಗಿಸದ ಹುಡುಗಿ ಅವಳು. ನನ್ನ ಮಾನ ಉಳಿಯಿತಲ್ಲ, ಸಾಕು ಎಂದುಕೊಂಡೆ. ಆದರೆ ತುಮಕೂರಿಗೆ ವಾಪಸಾಗುವ ಬಸ್ಸಿನಲ್ಲಿ ದಿನವೂ ಅದೇ ಯೋಚನೆ. ಆ ಕೈ ಇನ್ನು ಏಳದೇ ಹೋದರೆ ಅದು ನನ್ನ ಪಾಠದ ಫಲವೇ. ನಾಚಿಕೆಯಾಯಿತು.

ವಾರ ಕಳೆದ ಮೇಲೆ ತರಗತಿಯ ಮುಂದೆ ರಟ್ಟು ತಿರುಗಿಸಿ ಸೆಲ್ಲು ತೋರಿಸಿದೆ. "ಅವತ್ತು ನಾನು ಸುಳ್ಳು ಹೇಳ್ದೆ" ಎಂದೆ. ಮಕ್ಕಳು ನಕ್ಕರು. ಅವಳು ನಗಲಿಲ್ಲ.

"ಗೊತ್ತಿತ್ತು ಮಿಸ್. ಅಬ್ಬಾಗೆ ಹೇಳ್ದೆ. ಒಂದಿನ ನಿಮ್ಮ ಮಿಸ್ಸೇ ಹೇಳ್ತಾರೆ, ಸುಮ್ನಿರು ಅಂದ್ರು."

ಅವಳ ತಂದೆಯ ಮುಖವನ್ನೂ ನಾನು ನೋಡಿರಲಿಲ್ಲ.

ಅವಳೇ ಎದ್ದು ಬಂದು ಸೆಲ್ಲು ಕಳಚಿ, ವೈರನ್ನು ಡೈನಮೋಗೆ ಕೊಟ್ಟು, ಅದನ್ನು ಟೈರಿಗೆ ಒತ್ತಿ ಹಿಡಿದು ಚಕ್ರ ತಿರುಗಿಸಿದಳು. ಬಲ್ಬು ಮಂಕಾಗಿ, ಕೆಂಪಗೆ ಉರಿಯಿತು. ಚಕ್ರ ನಿಂತಿತು, ಬಲ್ಬು ಆರಿತು.

"ಈಗ ಸರಿಯಾಯ್ತು ಮಿಸ್" ಎಂದಳು.