ಪುಕ್ಕಲಿಯ ಜೇಡಗಳು

ಬೀದಿಯವರೆಲ್ಲ ಅವಳನ್ನು ಗಡಿಯಾರದಮ್ಮ ಅಂತ ಕರೆಯುತ್ತಿದ್ದರು. ಮನೆಯಲ್ಲಿ ಗಂಡ ಕರೆಯುತ್ತಿದ್ದ ಹೆಸರು ಬೇರೆ: ಪುಕ್ಕಲಿ. ಅಂಗೈ ಅಗಲದ ಜೇಡವೊಂದು ಗೋಡೆಯ ಮೇಲೆ ಕಂಡರೆ ಸಾಕು, ಅವಳು ಸೂರು ಹಾರಿಹೋಗುವ ಹಾಗೆ ಕಿರುಚುತ್ತಿದ್ದಳು. ಗಂಡ ಕೈಲಿದ್ದ ಕೆಲಸ ಬಿಟ್ಟು, ತಗಡಿನ ಡಬ್ಬಿ ಹಿಡಿದುಕೊಂಡು ಬರುತ್ತಿದ್ದ. ನಲವತ್ತೊಂದು ವರ್ಷ ಹೀಗೇ ನಡೆಯಿತು. ಇದರಲ್ಲಿ ಸುಳ್ಳು ಅಂತಿದ್ದದ್ದು ಒಂದೇ. ಅವಳಿಗೆ ಜೇಡವೆಂದರೆ ಎಳ್ಳಷ್ಟೂ ಭಯವಿರಲಿಲ್ಲ.

ಇರುವುದಾದರೂ ಹೇಗೆ? ಅವಳು ಹುಟ್ಟಿ ಬೆಳೆದದ್ದು ದಿನಸಿ ಅಂಗಡಿಯ ಹಿಂದಿನ ಮನೆಯಲ್ಲಿ. ಅಪ್ಪ ಮೂಟೆಗಳನ್ನು ಪೇರಿಸಿಡುತ್ತಿದ್ದ ಕೋಣೆಯಲ್ಲಿ ಜಿರಲೆಗಳಿಗೆ ಬರವಿರಲಿಲ್ಲ, ಜಿರಲೆ ಇದ್ದಲ್ಲಿ ಈ ದೊಡ್ಡ ಜೇಡಗಳಿಗೂ ಬರವಿಲ್ಲ. ಇವು ಮೂಲೆಯಲ್ಲಿ ಬಲೆ ಕಟ್ಟಿಕೊಂಡು ಕೂರುವ ಜಾತಿಯವಲ್ಲ. ಚಪ್ಪಟೆ ಮೈ, ಉದ್ದುದ್ದ ಕಾಲು. ಗಂಟೆಗಟ್ಟಲೆ ಗೋಡೆಗೆ ಅಂಟಿಕೊಂಡು ಕದಲದೆ ಇದ್ದು, ಜಿರಲೆ ಹತ್ತಿರ ಬಂತೆಂದರೆ ಒಂದೇ ನೆಗೆತಕ್ಕೆ ಹಿಡಿಯುತ್ತವೆ. ಅವಳ ಅಜ್ಜಿ ಇವುಗಳ ಮೇಲೆ ಯಾರಿಗೂ ಪೊರಕೆ ಎತ್ತಗೊಡುತ್ತಿರಲಿಲ್ಲ. ದಾರಿಗೆ ಅಡ್ಡ ಬಂದದ್ದನ್ನು ಬರಿಗೈಯಲ್ಲೇ ಎತ್ತಿ ಮೂಟೆಗಳ ಹಿಂದೆ ಬಿಡುತ್ತಿದ್ದಳು.

"ಒಂದು ಕೈ ಮುಂದಿನಿಂದ ನಿಧಾನಕ್ಕೆ ತಾ. ಅದು ಹಿಂದಕ್ಕೆ ಸರಿಯುತ್ತೆ. ಅಲ್ಲಿ ಇನ್ನೊಂದು ಕೈ ಕಾದಿರಲಿ. ಒತ್ತಬೇಡ ಮರಿ, ಕಾಲು ಮುರಿದೀತು."

ಏಳನೇ ವಯಸ್ಸಿಗೇ ಅವಳು ಇದರಲ್ಲಿ ಅಜ್ಜಿಯನ್ನು ಮೀರಿಸಿದಳು. ಹೊಟ್ಟೆಯ ಕೆಳಗೆ ಬಿಳಿಯ ಗುಂಡಿಯಂಥ ಮೊಟ್ಟೆಚೀಲ ಹೊತ್ತು ತಿರುಗುವ ತಾಯಿಜೇಡವನ್ನೂ, ಚೀಲ ಉದುರದ ಹಾಗೆ, ಆ ಕೋಣೆಯಿಂದ ಈ ಕೋಣೆಗೆ ಸಾಗಿಸುತ್ತಿದ್ದಳು. ಅಂಗೈಯೊಳಗೆ ಆ ಕಾಲುಗಳು ಕಚಗುಳಿ ಇಟ್ಟಾಗ ಅವಳಿಗೆ ನಗು ಬರುತ್ತಿತ್ತು. ಅವಳ ಅಮ್ಮನಿಗೆ ಮಾತ್ರ ಜೇಡದ ಹೆಸರೆತ್ತಿದರೂ ಕೈಕಾಲು ತಣ್ಣಗಾಗುತ್ತಿದ್ದವು. ಹಾಗಾಗಿ ಅಜ್ಜಿ ಮೊಮ್ಮಗಳ ಈ ವ್ಯವಹಾರವೆಲ್ಲ ಅಮ್ಮನ ಕಣ್ಣು ತಪ್ಪಿಸಿಯೇ ನಡೆಯಬೇಕಾಗಿತ್ತು.

ಅವಳಿಗೆ ಇಪ್ಪತ್ತು ತುಂಬಿದ ವರ್ಷ ನಡುಮನೆಯ ಗೋಡೆ ಗಡಿಯಾರ ನಿಂತುಹೋಯಿತು. ಬೀದಿಯ ತುದಿಯಲ್ಲಿ ಹೊಸದಾಗಿ ಅಂಗಡಿ ಇಟ್ಟಿದ್ದ ಗಡಿಯಾರ ರಿಪೇರಿಯವನನ್ನು ಅಪ್ಪ ಕರೆಸಿದ. ಸಣಕಲು ಹುಡುಗ, ಇಸ್ತ್ರಿ ಮಾಡಿದ ಅಂಗಿ, ಮಾತು ಕಡಿಮೆ. ಸ್ಟೂಲು ಹತ್ತಿ ಗಡಿಯಾರವನ್ನು ಮೊಳೆಯಿಂದ ಎತ್ತಿದನೋ ಇಲ್ಲವೋ, ಹಿಂದೆ ಕೂತಿದ್ದ ಭಾರಿ ಜೇಡವೊಂದು ಎಂಟೂ ಕಾಲು ಅಗಲಿಸಿ ಅವನ ಮೂಗಿನ ಮುಂದೆ ಪ್ರತ್ಯಕ್ಷವಾಯಿತು. ಅಮ್ಮ ಕಿಟಾರನೆ ಕಿರುಚಿ ಅಡುಗೆಮನೆಗೆ ಓಡಿದಳು. ಹುಡುಗ ಮಾತ್ರ ಸ್ಟೂಲಿನ ಮೇಲೆ ಅಲ್ಲಾಡದೆ ನಿಂತ. ಬಹಳ ಹೊತ್ತು ನಿಂತ. ಆಮೇಲೆ ಗಡಿಯಾರವನ್ನು ಅವಳ ಕೈಗೆ ದಾಟಿಸಿ, ಸ್ಕ್ರೂಗಳನ್ನು ಇಡುವ ತಗಡಿನ ಡಬ್ಬಿಯನ್ನು ಖಾಲಿ ಮಾಡಿ, ಅದನ್ನು ಜೇಡದ ಮೇಲೆ ಬೋರಲು ಹಾಕಿ, ರಟ್ಟಿನ ಚೂರೊಂದನ್ನು ಗೋಡೆಗೂ ಡಬ್ಬಿಗೂ ನಡುವೆ ಇಷ್ಟಿಷ್ಟೇ ತೂರಿಸಿದ. ಒಂದು ಕಾಲು ಹೊರಗೆ ಉಳಿದಿತ್ತು. ಅದು ಒಳಗೆ ಎಳೆದುಕೊಳ್ಳುವ ತನಕ ಕಾದ. ಆ ಕಾಯುವಿಕೆ ನೋಡಿಯೇ ಅವಳು ಸೋತಳು ಅನ್ನಬೇಕು.

"ನಿಮಗೂ ಭಯಾನಾ?" ಅಂತ ಅವನು ಕೆಳಗಿಳಿದು ಕೇಳಿದ.

"ತುಂಬಾ," ಅಂದಳು. ಯಾಕೆ ಹಾಗಂದಳೋ ಅವಳಿಗೇ ಗೊತ್ತಿಲ್ಲ. ಬಾಯಿಂದ ಬಂದುಬಿಟ್ಟಿತು.

ಆಮೇಲಿನದಕ್ಕೆ ಅವಳೇ ಜವಾಬ್ದಾರಳು, ಬೇರೆ ಯಾರ ಮೇಲೂ ಹೊರಿಸುವಂತಿಲ್ಲ. ವಾರ ಕಳೆಯುವುದರೊಳಗೆ ಗಡಿಯಾರದ ಮುಳ್ಳನ್ನು ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿ, ಮೂಟೆ ಕೋಣೆಯಿಂದ ಒಳ್ಳೆ ಮೈಕಟ್ಟಿನ ಜೇಡವೊಂದನ್ನು ತಂದು ಗಡಿಯಾರದ ಹಿಂದೆ ಬಿಟ್ಟಳು. ಹುಡುಗ ಬಂದ, ಜೇಡ ಹಿಡಿದ, ಮುಳ್ಳು ಸರಿಮಾಡಿದ, ಹೋದ. ಎರಡು ತಿಂಗಳಲ್ಲಿ ಇದು ನಾಲ್ಕು ಸಲ ಆಯಿತು. "ಈ ದರಿದ್ರ ಗಡಿಯಾರಾನ ಗುಜರಿಗೆ ಹಾಕ್ತೀನಿ," ಅಂತ ಅಪ್ಪ ಎಗರಾಡಿದ. ಅಮ್ಮನೋ, ಗಡಿಯಾರದ ಹುಡುಗನ ಧೈರ್ಯವನ್ನು ಬೀದಿಗೆಲ್ಲ ಡಂಗುರ ಸಾರಿದಳು. ಅಲ್ಲಿಂದ ಶುರುವಾಯಿತು ನೋಡಿ. ಯಾರ ಮನೆಯಲ್ಲಿ ಜೇಡ ಕಂಡರೂ ಅವನಿಗೇ ಕರೆ. ಹೆದರಿಕೆ ಅಂತ ಒಪ್ಪಿಕೊಳ್ಳಲು ನಾಚುವ ಗಂಡಸರು, "ಗಡಿಯಾರ ಸ್ವಲ್ಪ ನಿಧಾನ ಓಡ್ತಿದೆ, ಬಂದು ನೋಡಿ," ಅನ್ನುತ್ತಿದ್ದರು. ಅವನು ಬರುವಾಗ ಡಬ್ಬಿ, ರಟ್ಟು ಎರಡನ್ನೂ ತರುತ್ತಿದ್ದ.

ಮದುವೆಯಾಯಿತು. ಅಂಗಡಿಯ ಹಿಂದಿನ ಎರಡು ಕೋಣೆಯೇ ಸಂಸಾರಕ್ಕೆ ಮನೆ. ಅಂಗಡಿಯಲ್ಲಿ ರಿಪೇರಿಗೆ ಬಂದ ಗಡಿಯಾರಗಳು ಸಾಲದೆ, ಮನೆಯ ಗೋಡೆಗಳ ಮೇಲೂ ಮೂವತ್ತು ಗಡಿಯಾರ. ಒಂದೊಂದರ ಹಿಂದೆಯೂ ಜೇಡಗಳಿಗೆ ಬೆಚ್ಚಗಿನ ಜಾಗ. ಮೊದಲ ದಿನವೇ ಒಂದು ಈಚೆ ಬಂತು. ಅವಳ ಕೈ ತನ್ನಷ್ಟಕ್ಕೆ ಮುಂದೆ ಹೋಗಿದ್ದೂ ಹೌದು. ಅಷ್ಟರಲ್ಲಿ ನೆನಪಾಗಿ ಕಿರುಚಿದಳು. ಗಂಡ ಡಬ್ಬಿ ಹಿಡಿದು ಬಂದ.

"ಪುಕ್ಕಲಿ," ಅಂದ. ಆ ಹೆಸರು ಹಾಗೆ ಬಂತು. ಅವನು ಅದನ್ನು ಹೇಳುವ ರೀತಿಯಲ್ಲಿ ಎಷ್ಟು ಅಕ್ಕರೆ ಇತ್ತೆಂದರೆ, ನಿಜ ಹೇಳಿ ಅದನ್ನು ಕಳೆದುಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

ಹೀಗೆ ಕಿರುಚುವುದೂ ಮನೆಗೆಲಸಗಳಲ್ಲಿ ಒಂದಾಯಿತು. ಗಂಡ ಮನೆಯಲ್ಲಿದ್ದರೆ ಕಿರುಚು. ಇಲ್ಲದಿದ್ದರೆ ಎತ್ತಿ ಕಿಟಕಿಯಾಚೆ ಬಿಡು. ಮಗಳಿಗೆ ಐದು ವರ್ಷವಾಗಿದ್ದಾಗ ಒಮ್ಮೆ ಅಮ್ಮ ಬರಿಗೈಯಲ್ಲಿ ಜೇಡ ಎತ್ತುವುದನ್ನು ನೋಡಿ ಮಗು ಬಾಯಿ ಬಿಟ್ಟುಕೊಂಡು ನಿಂತಿತು. "ಅಪ್ಪಂಗೆ ಹೇಳಬೇಡ ಕಣೇ," ಅಂತ ಅವಳು ಗೋಗರೆದಳು. ಹುಡುಗಿ ಗಟ್ಟಿ. ಈಗ ಮದುವೆಯಾಗಿ ಎರಡು ಬೀದಿ ಆಚೆ ಇದ್ದಾಳೆ, ಇವತ್ತಿಗೂ ಗುಟ್ಟು ಬಿಟ್ಟುಕೊಟ್ಟಿಲ್ಲ.

ಆ ದಿನಗಳನ್ನು ನೆನೆದರೆ ಅವಳಿಗೆ ಮೊದಲು ನೆನಪಾಗುವುದು ಸದ್ದು. ಮೂವತ್ತು ಗಡಿಯಾರದ ಟಿಕ್ ಟಿಕ್, ಒಂದೂ ಇನ್ನೊಂದಕ್ಕೆ ಹೊಂದದೆ. ಮಧ್ಯಾಹ್ನ ಹನ್ನೆರಡಾದರೆ ಐದು ನಿಮಿಷ ಮನೆಯಲ್ಲಿ ಮಾತಾಡುವ ಹಾಗಿರಲಿಲ್ಲ. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡೇ ಗಂಡ ಊಟಕ್ಕೆ ಬರುತ್ತಿದ್ದ, ತೆಗೆಯಲು ಮರೆತು ತಟ್ಟೆಯತ್ತ ಬಗ್ಗಿ ನೋಡುತ್ತಿದ್ದ. ಎಣ್ಣೆಯ ವಾಸನೆ, ಹಿತ್ತಾಳೆಯ ವಾಸನೆ. ಬಾಗಿಲಲ್ಲಿ ದರ್ಜಿಯ ಹೆಂಡತಿಯೋ ಹೆಡ್‌ಮಿಸ್ಸೋ ಬಂದು ನಿಂತು, "ಗಡಿಯಾರದಮ್ಮಾ, ನಿಮ್ಮವರಿದಾರಾ? ಸ್ನಾನದ ಮನೇಲಿ ಅದು ಬಂದು ಕೂತಿದೆ," ಅನ್ನುತ್ತಿದ್ದರು. ಅವಳು ಗಂಡನನ್ನು ಕೇಳುತ್ತಲೂ ಇರಲಿಲ್ಲ. "ಓ, ಕಳಿಸ್ತೀನಿ, ಇವರಿಗೆ ಅದೆಲ್ಲ ಲೆಕ್ಕಕ್ಕೇ ಇಲ್ಲ!" ಅಂದುಬಿಡುತ್ತಿದ್ದಳು. ಅವಳ ಮಾತು ಮುಗಿಯುವಷ್ಟರಲ್ಲಿ ಅವನು ಡಬ್ಬಿ ತೆಗೆದುಕೊಳ್ಳುತ್ತಿದ್ದ. ಒಂದು ದಿನವೂ ಆಗಲ್ಲ ಅನ್ನಲಿಲ್ಲ.

ಕಾಲ ಯಾರನ್ನು ಬಿಟ್ಟೀತು, ಗಡಿಯಾರದವರನ್ನಂತೂ ಬಿಡಲೇ ಇಲ್ಲ. ಮೊದಲು ಬ್ಯಾಟರಿಯವು ಬಂದವು, ಆಮೇಲೆ ಎಲ್ಲರ ಜೇಬಿಗೂ ಮೊಬೈಲು ಬಂತು. ಜೇಡಕ್ಕೆ ಜನ ಸ್ಪ್ರೇ ತಂದಿಟ್ಟುಕೊಂಡರು. ಕರೆಗಳು ನಿಂತವು. ಅದಕ್ಕೆ ಸರಿಯಾಗಿ ಗಂಡನ ಕಣ್ಣುಗಳೂ ಕೈಕೊಟ್ಟವು. ನರ ಒಣಗುತ್ತಿದೆ, ಉಳಿದಷ್ಟು ಉಳಿಸಬಹುದು, ಹೋದದ್ದು ಬರುವುದಿಲ್ಲ ಅಂತ ಡಾಕ್ಟರು ಹೇಳಿದರು. ಎದುರಿಗೆ ಬಂದವರು ನೆರಳಿನ ಹಾಗೆ ಕಾಣುತ್ತಿದ್ದರು, ಮುಖ ಗೊತ್ತಾಗುತ್ತಿರಲಿಲ್ಲ. ಅಂಗಡಿ ಮುಚ್ಚಿದ ದಿನ ಅವನು ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಒರೆಸಿ, ಬಟ್ಟೆಯಲ್ಲಿ ಸುತ್ತಿ, ಅವಳ ಕೈಗೆ ಕೊಟ್ಟ. ಅಂದಿನಿಂದ ಕಿಟಕಿಯ ಪಕ್ಕದ ಕುರ್ಚಿಯೇ ಅವನ ಜಾಗವಾಯಿತು.

"ನಾನೀಗ ಯಾತಕ್ಕೂ ಬರದವನು ಕಣೇ," ಅಂದಿದ್ದ ಒಮ್ಮೆ. ಅಳುಮುಖ ಮಾಡಿಕೊಂಡು ಅಂದಿದ್ದರೆ ಗದರಿಸಬಹುದಿತ್ತು. ಹವಾಮಾನ ಹೇಳುವವರ ಹಾಗೆ ಅಂದಿದ್ದ. ಈ ಮನುಷ್ಯನಿಗೆ ಉಳಿದಿರುವುದು ಒಂದೇ ಹೆಮ್ಮೆ, ಪುಕ್ಕಲಿ ಹೆಂಡತಿಗೆ ತಾನೊಬ್ಬ ದಿಕ್ಕು ಅನ್ನುವುದು. ಅದೊಂದಾದರೂ ಅವನ ಪಾಲಿಗೆ ಉಳಿಯಬೇಕು ಅಂತ ಅವಳು ಹಟ ಹಿಡಿದಳು. ಅವನಿಗೆ ಹಿಡಿಯಲು ಆಗದೆ ಮುಖಭಂಗ ಆಗಬಾರದೆಂದು, ಕಂಡ ಜೇಡವನ್ನೆಲ್ಲ ಸದ್ದಿಲ್ಲದೆ ಎತ್ತಿ ಹೊರಗೆ ಬಿಡತೊಡಗಿದಳು. ಆರು ತಿಂಗಳು ಆ ಮನೆಯಲ್ಲಿ ಕಿರುಚಾಟವೇ ಕೇಳಲಿಲ್ಲ.

ಒಂದು ದಿನ ಬೆಳಗಿನ ಹೊತ್ತು ಒಗೆದ ಬಟ್ಟೆ ಮಡಿಸುತ್ತಾ ಗಂಡನೊಂದಿಗೆ ಮಾತಾಡುತ್ತಿದ್ದಳು. ಕುರ್ಚಿಯ ಮೇಲಿನ ಗೋಡೆಯಲ್ಲಿ ಒಂದು ಕಂಡಿತು. ದೊಡ್ಡದು. ಅವಳು ಮಾತು ನಿಲ್ಲಿಸಿದಳು.

"ಯಾಕೆ ಸುಮ್ಮನಾದೆ?" ಗಂಡ ಕತ್ತೆತ್ತಿದ. "ಏನೇ? ಜೇಡಾನಾ?"

ಆ ದನಿಯಲ್ಲಿ ಎಷ್ಟೋ ತಿಂಗಳಿಂದ ಇಲ್ಲದ ಜೀವ ಬಂದಿತ್ತು. ಇನ್ನು ಇಲ್ಲ ಅನ್ನುವುದು ಹೇಗೆ? ಅವಳು ಕಿರುಚಿದಳು. ಅಭ್ಯಾಸ ತಪ್ಪಿಹೋಗಿ ಅರ್ಧ ಕೆಮ್ಮಿನ ಹಾಗೆ ಬಂತು. ಆದರೂ ಗಂಡ ಎದ್ದ. ಕಪಾಟು ತಡಕಿ ಡಬ್ಬಿ ತೆಗೆದ, ರಟ್ಟು ತೆಗೆದ.

"ಎಲ್ಲಿದೆ ಹೇಳು."

"ಅಯ್ಯೋ, ಬಲಗಡೆ ರೀ! ಇನ್ನೂ ಮೇಲೆ! ಅಯ್ಯಯ್ಯೋ, ಒಂದು ಗೇಣು ಎಡಕ್ಕೆ!" ಇಷ್ಟು ಕರಾರುವಾಕ್ಕಾಗಿ ಹೆದರಿದವರು ಲೋಕದಲ್ಲಿ ಯಾರೂ ಇರಲಾರರು.

ಗಂಡ ಡಬ್ಬಿಯನ್ನು ಗೋಡೆಗೆ ಒತ್ತಿದ. ಒಂದು ಕ್ಷಣ ತಡವಾಯಿತು. ಜೇಡ ಸರ್ರನೆ ಅಡ್ಡಕ್ಕೆ ಓಡಿ ಹಿತ್ತಲ ಬಾಗಿಲ ಚೌಕಟ್ಟಿನ ಪಕ್ಕ ಕೂತಿತು. ಗಂಡ ಬರಿಯ ಗೋಡೆಯ ಮೇಲೆ ರಟ್ಟನ್ನು ಇಷ್ಟಿಷ್ಟೇ ತೂರಿಸಿದ, ಒಳಗೆ ಎಳೆದುಕೊಳ್ಳಬೇಕಾದ ಕಾಲಿಗಾಗಿ ಕಾದ ಕೂಡ.

"ಸಿಕ್ತಾ?" ಅಂದ.

"ಸಿಕ್ತು ರೀ," ಅಂದಳು.

ಅವನು ಎದೆ ಮುಂದೆ ಮಾಡಿಕೊಂಡು, ಗೋಡೆ ಹಿಡಿದು, ಖಾಲಿ ಡಬ್ಬಿಯನ್ನು ಹಿತ್ತಲಿಗೆ ಒಯ್ದ. ಆ ಬೆನ್ನನ್ನು ನೋಡಿ ಅವಳ ಕಣ್ಣಲ್ಲಿ ನೀರು ಬಂತು. ಅಳುತ್ತಾ ಕೂರಲು ಪುರುಸೊತ್ತಿರಲಿಲ್ಲ. ಅವನು ವಾಪಸು ಬರುವಾಗ ಕೈ ಇಡುವುದು ಅದೇ ಚೌಕಟ್ಟಿನ ಮೇಲೆ. ಅವಳು ಹೋಗಿ ಜೇಡವನ್ನು ಎರಡು ಅಂಗೈಯೊಳಗೆ ಹಿಡಿದು, ಒಂದು ಮುಷ್ಟಿಗೆ ಸೇರಿಸಿಕೊಂಡು ಕಿಟಕಿಯತ್ತ ತಿರುಗಿದಳು. ಅಷ್ಟರಲ್ಲಿ ಹಿಂದೆ ಮೆಟ್ಟಿಲು ತಡಕುವ ಕಾಲಿನ ಸದ್ದು. ತಿರುಗಿದರೆ, ಗಂಡ ಮೆಟ್ಟಿಲು ತಪ್ಪಿ ಮುಂದಕ್ಕೆ ಮುಗ್ಗರಿಸುತ್ತಿದ್ದಾನೆ.

ಒಂದು ಕೈಯಿಂದ ಆಗುವ ಕೆಲಸವಲ್ಲ. ಅವಳು ಮುಷ್ಟಿ ಬಿಚ್ಚಿ ಎರಡೂ ಕೈಯಿಂದ ಅವನನ್ನು ಬಾಚಿ ಹಿಡಿದಳು. ಜೇಡ ಅವಳ ಮಣಿಕಟ್ಟಿನಿಂದ ಅವನ ತೋಳಿಗೆ, ತೋಳಿನಿಂದ ಕತ್ತಿಗೆ ಓಡಿತು.

ಗಂಡ ಕಿರುಚಿದ. ನಲವತ್ತೊಂದು ವರ್ಷ ಅವಳು ಕಿರುಚಿದ್ದೆಲ್ಲ ನಕಲು. ಅಸಲು ಹೇಗಿರುತ್ತದೆಂದು ಅಂದು ಅವಳಿಗೆ ಗೊತ್ತಾಯಿತು. ಮೈಯೆಲ್ಲ ಗಡಗಡ ನಡುಗುತ್ತಿತ್ತು, ಮುಖ ಬಿಳಿಚಿಹೋಗಿತ್ತು, "ತೆಗಿಯೇ, ತೆಗಿಯೇ" ಅನ್ನುವುದು ಬಿಟ್ಟು ಬೇರೆ ಮಾತು ಹೊರಡುತ್ತಿರಲಿಲ್ಲ. ಅವಳು ಅವನ ಕತ್ತಿನಿಂದ ಜೇಡವನ್ನು ಬರಿಗೈಯಲ್ಲಿ ಎತ್ತಿ, ಹಿತ್ತಲ ಬಾಗಿಲಾಚೆ ಬಿಟ್ಟು ಬಂದಳು.

ಇಬ್ಬರೂ ಮೆಟ್ಟಿಲ ಮೇಲೆ ಕೂತರು.

"ಬರಿಗೈಲಿ ತೆಗೆದೆ," ಅಂದ ಗಂಡ ಕಡೆಗೆ.

"ಹ್ಞೂಂ."

"ನಿಂಗೆ ಭಯ ಯಾವಾಗ ಬಿಟ್ಟೋಯ್ತು?"

"ಯಾವತ್ತೂ ಇರಲಿಲ್ಲ ರೀ." ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಅವಳು ಎಲ್ಲ ಹೇಳಿದಳು. ಮೂಟೆ ಕೋಣೆ, ಹಿಂದಕ್ಕೆ ತಿರುಗಿಸಿದ ಮುಳ್ಳು, ಒಂದನ್ನೂ ಬಿಡಲಿಲ್ಲ. ಅವನು ಎದ್ದು ಹೋಗಿಬಿಟ್ಟರೆ ಏನು ಮಾಡುವುದು ಅಂತ ಅವನ ಅಂಗಿಯ ತುದಿ ಹಿಡಿದುಕೊಂಡೇ ಹೇಳಿದಳು.

ಗಂಡ ತಲೆಯ ಮೇಲೆ ಕೈ ಹೊತ್ತುಕೊಂಡ. "ನಾಲ್ಕನ್ನೂ ನೀನೇ ಇಟ್ಟಿದ್ದಾ? ಅಯ್ಯೋ ಮಹರಾಯ್ತಿ! ಆ ನಾಲ್ಕು ಸಲಾನೂ ನಾನು ನಿಮ್ಮ ಬೀದಿ ನಲ್ಲೀಲಿ ಮುಖ ತೊಳಕೊಂಡು, ಎದೆ ಗಟ್ಟಿ ಮಾಡ್ಕೊಂಡು ಬಂದಿದ್ದೆ. ಜೇಡ ಅಂದ್ರೆ ನಂಗೆ ಪ್ರಾಣ ಹೋಗುತ್ತೆ ಕಣೇ. ಚಿಕ್ಕಂದಿನಿಂದ. ಅದೇನು, ಮೊದಲನೇ ದಿನ ಸ್ಟೂಲಿನ ಮೇಲೆ ಕಾಲೇ ಬರದೆ ನಿಂತಿದ್ದೆ."

ಅವಳು ಬೆಪ್ಪಾಗಿ ಕೂತಳು. ದರ್ಜಿಯ ಮನೆ, ಹೆಡ್‌ಮಿಸ್ಸಿನ ಮನೆ, ಆ ಬೀದಿ, ಈ ಬೀದಿ. ಅಷ್ಟೂ ಕಡೆಗೆ ಅವನನ್ನು ಅಟ್ಟಿದವಳು ತಾನೇ.

"ಮತ್ತೆ ಯಾಕೆ ಹೋಗ್ತಿದ್ರಿ? ಆಗಲ್ಲ ಅಂತ ಒಂದು ಮಾತು ಅಂದಿದ್ರೆ ಆಗ್ತಿರಲಿಲ್ವಾ?"

"ಹೇಗೆ ಅನ್ನಲಿ? ನಾನು ಡಬ್ಬಿ ಹಿಡಕೊಂಡು ಹೊರಟರೆ ನೀನು ಬಾಗಿಲಲ್ಲಿ ನಿಂತಿರ್ತಿದ್ದೆ. ತಿರುವಲ್ಲಿ ಹಿಂದೆ ನೋಡಿದ್ರೂ ಅಲ್ಲೇ ನಿಂತಿರ್ತಿದ್ದೆ. ಅಷ್ಟು ಹೆಮ್ಮೆಯಿಂದ ನನ್ನನ್ನ ಬೇರೆ ಯಾರೂ ನೋಡಿಲ್ಲ." ಅವನು ಮುಖವನ್ನು ಅವಳತ್ತ ತಿರುಗಿಸಿ, ಕಣ್ಣು ಕಿರಿದು ಮಾಡಿ, ಕಾಣದ್ದನ್ನು ಕಾಣಲು ಒಂದಷ್ಟು ಹೊತ್ತು ಪ್ರಯತ್ನಪಟ್ಟ. "ಈಗ ನಿನ್ನ ಮುಖ ಗೊತ್ತಾಗಲ್ಲ. ಈಗಲೂ ಹಾಗೇ ನೋಡ್ತೀಯೇನೇ?"

"ಹಾಗೇ ನೋಡ್ತಿದೀನಿ ರೀ," ಅಂದಳು. ಅವಳು ಹಾಗೇ ನೋಡುತ್ತಿದ್ದಳು.