ಹಾಜರಿ ಪುಸ್ತಕದ ಒಂದು ಸಾಲು

ಸಪ್ತಾಪುರದ ವಾಚನಾಲಯದಲ್ಲಿ ಪಾಲಿಕೆಯ ಒಂದು ನೌಕರಿಯನ್ನು ನಾವಿಬ್ಬರು ಹಂಚಿಕೊಂಡು ಮಾಡುತ್ತಿದ್ದೆವು. ಬೆಳಿಗ್ಗೆ ಬಾಗಿಲು ತೆರೆದು, ಕಸ ಗುಡಿಸಿ, ಪೇಪರು ಜೋಡಿಸುವುದು ನನಗಿಂತ ಹಿರಿಯಳಾದ ಒಬ್ಬಾಕೆಯ ಪಾಳಿ. ಮಧ್ಯಾಹ್ನ ಕುಳಿತು, ಪರೀಕ್ಷೆಗೆ ಓದುವ ಹುಡುಗರು ಪೇಪರು ಹರಿಯದಂತೆ ನೋಡಿಕೊಳ್ಳುವುದು ನನ್ನದು.

ಅರ್ಧ ದಿನದವರಿಗೆ ಸವಲತ್ತೂ ಅರ್ಧ. ವರ್ಷದ ಛತ್ರಿ ಇಬ್ಬರಿಗೂ ಸೇರಿ ಒಂದು. ನಮ್ಮಲ್ಲಿ ಮಳೆ ಮಧ್ಯಾಹ್ನವೇ ಹೆಚ್ಚಾದ್ದರಿಂದ ಅದು ನನ್ನ ಬಳಿ ಉಳಿಯಿತು. ಆಕೆ ಜಗಳಾಡಲಿಲ್ಲ, ನೆನಪಿಟ್ಟುಕೊಂಡಳು. ಹಾಗೆಯೇ ಇಬ್ಬರಿಗೂ ಸೇರಿ ಬರುವ ಸಾಬೂನನ್ನು ದಾರದಿಂದ ಕೊಯ್ದು ದೊಡ್ಡ ತುಂಡನ್ನು ತಾನೇ ಒಯ್ಯುತ್ತಿದ್ದಳು. ಹಾಜರಿ ಪುಸ್ತಕದಲ್ಲೂ ನಮಗೆ ಒಂದೇ ಸಾಲು: ಬೆಳಗಿನ ಮನೆಯಲ್ಲಿ ಆಕೆಯ ಸಹಿ, ಮಧ್ಯಾಹ್ನದ ಮನೆಯಲ್ಲಿ ನನ್ನದು.

ಆಕೆಯ ಮಗಳು ಉಪ್ಪಿನಬೆಟಗೇರಿಯ ಗಂಡನ ಮನೆಯಲ್ಲಿ ಎರಡನೆಯ ಕೂಸು ಹೆತ್ತಳು. ಅತ್ತೆ ಇಲ್ಲದ ಮನೆ; ಬಾಣಂತಿಗೆ ನೀರು ಹಾಕುವವರಿಲ್ಲ. ಕೂಸನ್ನು ತೊಟ್ಟಿಲಿಗೆ ಹಾಕುವ ತನಕ ಹನ್ನೆರಡು ದಿನ ತಾಯಿ ಅಲ್ಲಿರಬೇಕು. ರಜೆ ಇದ್ದದ್ದು ಆರು, ಇಡೀ ದಿನದವರ ಹನ್ನೆರಡರ ಅರ್ಧ. ಅದನ್ನು ಮೀರಿದ ಅರ್ಧ ದಿನದವರನ್ನು ತೆಗೆದು ಸರದಿಯಲ್ಲಿದ್ದವರನ್ನು ಕರೆಯುವುದು ರೂಢಿ.

ಹಾಜರಿ ಪುಸ್ತಕ ಬಗಲಲ್ಲಿಟ್ಟುಕೊಂಡು ಇಬ್ಬರೂ ಪಾಲಿಕೆಯ ಕಚೇರಿಗೆ ಹೋದೆವು.

“ಆರ ದಿನ ಹೋಗಿ ಬರ್ರಿ ಅವ್ವಾರ,” ಎಂದರು ಗುಮಾಸ್ತರು.

“ಆರ ದಿನಕ್ಕ ಬಾಣಂತಿ ಎದ್ದು ರೊಟ್ಟಿ ಬಡೀತಾಳೇನ್ರಿ?”

“ನಿಯಮ ನಾ ಹಡದಿಲ್ರಿ.”

“ನೀವು ಏನೂ ಹಡದಿಲ್ಲ, ಅದಕ್ಕ ಹಿಂಗ ಮಾತಾಡ್ತೀರಿ. ನಾ ಮಾಡೋದು ಅರ್ಧಾ ದಿನ. ರಜಾ ತಗೊಂಡ್ರ ಇಡೀ ದಿನ ಯಾಕ ಕಳೀತೀರಿ? ಮಧ್ಯಾಹ್ನ ನಂದಲ್ಲ.”

ಗುಮಾಸ್ತರು ಫ್ಯಾನ್ ನೋಡಿದರು. ಬಹಳ ವರ್ಷ ಸರ್ವಿಸ್ ಆದವರು ಉತ್ತರ ಹೊಳೆಯದಿದ್ದಾಗ ಫ್ಯಾನ್ ನೋಡುತ್ತಾರೆ. ಕೊನೆಗೆ, ಅರ್ಧ ದಿನದ ರಜೆಯೂ ಉಂಟು, ಅಂಥವು ಹನ್ನೆರಡು ಸೇರಿದರೆ ಆರಾಗುತ್ತದೆ ಎಂದು ಒಪ್ಪಿದರು.

“ಆದ್ರ ಮುಂಜಾನಿ ರಜಾ ಹಾಕಿದವರು ಮಧ್ಯಾಹ್ನ ಬಂದು ಸಹಿ ಮಾಡ್ಬೇಕ್ರಿ. ದಿನಾ ಅಲ್ಲಿಂದ ಬರ್ತೀರೇನು?”

ಆಕೆ ಪುಸ್ತಕ ತೆರೆದು ನಮ್ಮ ಸಾಲಿನ ಮೇಲೆ ಬೆರಳಿಟ್ಟಳು. “ಇದ್ರಾಗ ಮಧ್ಯಾಹ್ನದ ಸಹಿ ಯಾವತ್ತರ ತಪ್ಪೇತೇನ್ರಿ?”

ಗುಮಾಸ್ತರು ಚಷ್ಮಾ ಹಾಕಿಕೊಂಡರು. “ಇದು ಇವರ ಸಹಿ.”

“ಹೌದ್ರಿ. ಛತ್ರಿ ಕೊಡೂವಾಗ ಇಬ್ಬರೂ ಕೂಡಿ ಒಬ್ಬರು ಅಂದಿದ್ರಿ. ಈಗ ಇಬ್ಬರಾದ್ವೇನು?”

ಅವರು ಮತ್ತೆ ಫ್ಯಾನ್ ನೋಡಿದರು. ಅದು ತಿರುಗುತ್ತಿರಲಿಲ್ಲ. ಪುಸ್ತಕ ಮುಚ್ಚಿ, “ಬರಕೊಡ್ರಿ,” ಎಂದರು. ಹನ್ನೆರಡು ಅರ್ಜಿಗಳನ್ನು ನಾನೇ ಬರೆದೆ.

ಹನ್ನೆರಡು ಮುಂಜಾನೆ ಬಾಗಿಲು ತೆರೆದು ಕಸ ಗುಡಿಸಿದವನೂ ನಾನೇ. ಅದು ಯಾವ ಪುಸ್ತಕದಲ್ಲೂ ಇಲ್ಲ. ಓದುವ ಹುಡುಗನೊಬ್ಬ ಕಾಲೆತ್ತಿ, ಬೆಂಚಿನ ಕೆಳಗೂ ಗುಡಿಸಿರಿ ಎಂದದ್ದು ನನಗೆ ಮಾತ್ರ ಗೊತ್ತು.

ಹದಿಮೂರನೆಯ ದಿನ ಆಕೆ ತೊಟ್ಟಿಲ ದಿನ ಹಂಚಿದ ಕಾಳಿನ ಗುಗ್ಗರಿ ಡಬ್ಬಿ ತುಂಬ ತಂದಳು. ನನ್ನ ಕೈಗಿಟ್ಟು ಮೂಲೆಗಳನ್ನು ನೋಡಿ ಬಂದಳು.

“ಕಸ ಹಂಗ ಐತಲ್ಲ ಅಣ್ಣಾರ. ಅರ್ಧಾ ಕೆಲಸದ ರೂಢಿ ಹೋಗಿಲ್ಲ ನೋಡ್ರಿ.”

ನಾನು ಇನ್ನೊಂದು ಹಿಡಿ ಗುಗ್ಗರಿ ಬಾಯಿಗೆ ಹಾಕಿಕೊಂಡೆ.

“ಛತ್ರಿ ಕೊಡ್ರಿ ಇನ್ನ. ಐತವಾರಕ್ಕೊಮ್ಮಿ ಕೂಸಿನ್ನ ನೋಡಾಕ ಹೋಗೋದೈತಿ.”

ಕೊಟ್ಟೆ. ಅವತ್ತು ಮಧ್ಯಾಹ್ನ ಮಳೆ ಬಂತು.